ಜೊಲ್ಲು ಸುರಿಸಿದ ಮಕರ

ಹಾಸನದ ಕಡೆ ಒಂದು ಹಳೇ ದೇವಸ್ಥಾನ. ಮಾಳಿಗೆಯ ನೀರನ್ನು ಹೊರಗೆ ಉಗುಳುವ ಮಕರದ, ಅಂದರೆ ಮೊಸಳೆ ಬಾಯಿ, ಆನೆ ಸೊಂಡಿಲಿನ ಕಲ್ಲಿನ ಪ್ರಾಣಿಯ, ಕೆಳದವಡೆ ಮುರಿದುಹೋಗಿತ್ತು. ಮಳೆ ಬಂದರೆ ನೀರೆಲ್ಲ ಗೋಡೆ ಮೇಲೇ ಇಳಿಯುತ್ತಿತ್ತು. ಕೆಳಗಿನ ಶಿಲ್ಪಗಳ ಮುಖದ ಮೇಲೆ ಪಾಚಿ. ಹೊಸದು ಕೆತ್ತಿಕೊಡಿ ಅಂತ ಊರಿನವರು ನನ್ನನ್ನು ಕರೆದರು.

ಹಳೇದು ಬಳಪದ ಕಲ್ಲು, ಹಾಗಾಗಿ ಅದನ್ನೇ ತರಿಸಿದೆ. 4 ಅಡಿ ಉದ್ದ, ಅಗಲ ದಪ್ಪ 1 ಅಡಿ. ತೂಕ 300 ಕೆಜಿ ಹತ್ತಿರ. ಗಣಿಯಿಂದ ಬಂದ ಹೊಸದರಲ್ಲಿ ಈ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೇ ಹಲ್ಲು, ಸೊಂಡಿಲಿನ ಸುರುಳಿಯಂಥ ನಾಜೂಕು ಕೆಲಸ ಬೇಗ ಮುಗಿಸಿಬಿಟ್ಟೆ. ಮಾದರಿಗೆ ಸೋಮನಾಥಪುರಕ್ಕೆ ಹೋಗಿ ಗೋಡೆಯ ಬುಡದ ಮಕರಗಳ ಸಾಲು ನೋಡಿಕೊಂಡು ಬಂದಿದ್ದೆ. 1268ರ ಕೆಲಸ, ಬಾಲದ ಬಳ್ಳಿ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನನ್ನ ಮಕರಕ್ಕೆ ಮಾತ್ರ ಬಾಲವಿಲ್ಲ. ಎರಡೂವರೆ ಅಡಿ ಗೋಡೆಯೊಳಗೇ ಹೋಗಬೇಕು, ಇಲ್ಲದಿದ್ದರೆ ಮೂತಿಯ ಭಾರಕ್ಕೆ ಮುಂದಕ್ಕೆ ವಾಲುತ್ತದೆ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೀರಿನ ಗಾರೆ ಹಾಕಿ ಕೂರಿಸಿದೆವು.

ಮೊದಲ ಮಳೆ ಬಂತು. ಅರ್ಚಕರು ಫೋನ್ ಮಾಡಿ, "ಏನ್ ಆಚಾರ್ರೇ, ನಿಮ್ಮ ಮೊಸಳೆ ಜೊಲ್ಲು ಸುರಿಸ್ತಿದೆ!" ಅಂದರು.

ಹೋಗಿ ನೋಡಿದೆ. ಜೋರು ಮಳೆಯಲ್ಲಿ ನೀರು ದೂರ ಹಾರುತ್ತಿತ್ತು. ಮಳೆ ಸಣ್ಣಗಾದಾಗಲೇ ತೊಂದರೆ. ನೀರು ಕೆಳತುಟಿಗೆ ಅಂಟಿಕೊಂಡು, ಗಲ್ಲದ ಅಡಿಯಲ್ಲಿ ಹಿಂದಕ್ಕೆ ಜಾರಿ ಗೋಡೆ ಸೇರುತ್ತಿತ್ತು. ಮನೆ ಸಜ್ಜಾದ ಅಡಿಯಲ್ಲಿ ಗಾರೆಯವರು ಉದ್ದಕ್ಕೆ ಒಂದು ಗೀರು ಎಳೀತಾರಲ್ವಾ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ? ಹಲ್ಲು ಕೆತ್ತುವ ಖುಷಿಯಲ್ಲಿ ಅದನ್ನೇ ಮರೆತಿದ್ದೆ.

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಫೋಟೋಗಳಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತ ಕೊಂಬಿನ ಪ್ರಾಣಿ ನೋಡಿರುತ್ತೀರಿ. ಅದು 19ನೇ ಶತಮಾನದ ದುರಸ್ತಿಯಲ್ಲಿ ಸುಮ್ನೆ ಅಂದಕ್ಕೆ ಇಟ್ಟದ್ದು, ನೀರು ಉಗುಳುವುದಿಲ್ಲ. ಮಳೆನೀರು ಉಗುಳುವ ನಿಜವಾದ ಕಲ್ಲಿನ ಮೂತಿಗಳು, ಅಂದರೆ ಗಾರ್ಗಾಯ್ಲ್‌ಗಳು, ಬೇರೆ, ಗೋಡೆಯಿಂದ ಕತ್ತು ಉದ್ದಕ್ಕೆ ಚಾಚಿಕೊಂಡಿರುತ್ತವೆ. ಚೆಂದದ ಮುಖ ಮಾಡಲು ಹೋಗಿ ನಾನು ಮಾಡಿದ್ದು ಮೊದಲನೆಯ ಜಾತಿಯದ್ದು.

ಸಾರವೆ ಕಟ್ಟಿಸಿ ಮತ್ತೆ ಹತ್ತಿದೆ. ಕೂರಿಸಿದ ಕಲ್ಲನ್ನು ಕೆಳಗಿಂದ ಕೆತ್ತುವ ಕಷ್ಟ ಕೇಳಬೇಡಿ, ಪುಡಿಯೆಲ್ಲ ಕಣ್ಣಿಗೇ. ತುಟಿಯಂಚಿನಿಂದ ಒಂದು ಇಂಚು ಹಿಂದೆ, ಅರ್ಧ ಇಂಚು ಆಳಕ್ಕೆ, ಅಡ್ಡಲಾಗಿ ಗೀರು ತೆಗೆದೆ. ಒಂದು ಚೊಂಬು ನೀರನ್ನು ಮೇಲಿಂದ ಸಣ್ಣಗೆ ಬಿಡಿಸಿದೆ. ಗೀರಿನ ತನಕ ಬಂದ ಹನಿ ಅಲ್ಲೇ ತೂಗಿ ತೊಟ್ಟಿಕ್ಕಿತು.

ಈಗ ನೀರು ಬೀಳುವ ಜಾಗದಲ್ಲಿ ಮಣ್ಣು ಕೊರೆದು ಗುಂಡಿ ಬಿದ್ದಿದೆ. ಅಲ್ಲಿಗೊಂದು ಚಪ್ಪಡಿ ಹಾಸಬೇಕು.