‘ಕಾಣತೈತ್ರಿ ಸರ’: ಶಾಲೆಯ ವರಾಂಡದಲ್ಲಿ ನಾನು ಕಲಿತ ಕಣ್ಣು ಪರೀಕ್ಷೆ

ಬಂಕಾಪುರದ ಕೋಟೆಗೆ ನವಿಲು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಬೆಳಗಿನ ಹೊತ್ತು. ದೂರದ ಗಿಡದ ಮೇಲೆ ಒಂದು ಗಂಡು ನವಿಲು ಕೂತಿತ್ತು. ಎಲ್ಲರೂ ಬೆರಳು ತೋರಿಸಿ ಕೂಗಾಡುತ್ತಿದ್ದರು. ಐದನೇ ಇಯತ್ತೆಯ ಒಬ್ಬ ಹುಡುಗನೂ ‘ಅಲ್ಲೈತಿ, ಅಲ್ಲೈತಿ’ ಅಂತ ಕುಣಿಯುತ್ತಿದ್ದ. ಅವನ ಬೆರಳು ಮಾತ್ರ ಬೇರೆ ಗಿಡದ ಕಡೆ ಇತ್ತು.

‘ಕಾಣತೈತೇನಲೇ?’ ಅಂದೆ.

‘ಕಾಣತೈತ್ರಿ ಸರ.’

‘ಬಾಲ ಯಾವ ಕಡೆ ಐತಿ?’

ಪಕ್ಕದವನ ಮುಖ ನೋಡಿದ.

ಅದೇ ಹುಡುಗನನ್ನು ಎರಡು ತಿಂಗಳ ಹಿಂದೆ ನಾನೇ ಹಿಂದಿನ ಸಾಲಿಗೆ ಕಳಿಸಿದ್ದೆ. ಬೋರ್ಡ್ ನೋಡುವುದು ಬಿಟ್ಟು ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಾನೆ ಅಂತ ಸಿಟ್ಟು. ಹಿಂದೆ ಹೋದ ಮೇಲೆ ಬರೆಯುವುದನ್ನೇ ಬಿಟ್ಟ. ಸೋಮಾರಿ ಅಂತ ಹೆಸರಿಟ್ಟೆ. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿದ್ದರು. ನನಗೆ ಊರು ಬರುವ ತನಕ ಮಾತು ಬರಲಿಲ್ಲ.

ಮಕ್ಕಳು ಕಣ್ಣು ಕಾಣುವುದಿಲ್ಲ ಅಂತ ಬಂದು ಹೇಳುವುದಿಲ್ಲ. ಮಸುಕು ಮೆಲ್ಲಗೆ ಬಂದಿರುತ್ತದೆ, ಇಲ್ಲವೇ ಮೊದಲಿನಿಂದಲೂ ಇರುತ್ತದೆ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ಅದಕ್ಕೇ ‘ಕಾಣತೈತಾ?’ ಅಂತ ಕೇಳುವುದನ್ನು ನಾನು ಬಿಟ್ಟೆ. ‘ಏನ ಕಾಣತೈತಿ ಹೇಳು’ ಅನ್ನುತ್ತೇನೆ.

ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯವರನ್ನು ಹೋಗಿ ಕಂಡೆ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ, ನಿಜ. ಆದರೆ ಅವತ್ತು ಶಾಲೆಗೆ ಬಾರದ ಹುಡುಗರು ತಪ್ಪಿಹೋಗುತ್ತಾರೆ. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮಲ್ಲಿ ಹಾಗೆ ತಪ್ಪಿಸಿಕೊಳ್ಳುವವರು ಕಡಿಮೆ ಏನಲ್ಲ. ನೇತ್ರಾಧಿಕಾರಿಯವರು ನನಗೆ ಒಂದು ‘ಇ’ ಚಾರ್ಟ್ (ಇಂಗ್ಲಿಷ್‌ನ E ಅಕ್ಷರ ಬೇರೆ ಬೇರೆ ದಿಕ್ಕಿಗೆ ತಿರುಗಿ, ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಗುವ ಹಾಳೆ) ಕೊಟ್ಟು ಅರ್ಧ ತಾಸಿನಲ್ಲಿ ಎಲ್ಲ ತೋರಿಸಿಕೊಟ್ಟರು. ನೋಡಲು ಬಹಳ ಸುಲಭ. ಮಾಡಲು ಹೋದಾಗ ಮೂರು ಕಡೆ ಎಡವಿದೆ.

ಮೊದಲನೆಯದು ಜಾಗ. ಚಾರ್ಟ್‌ನಿಂದ ಮಗುವಿಗೆ 6 ಮೀಟರ್ ದೂರ ಬೇಕು, ಅಂದರೆ 20 ಅಡಿಗೆ ಸ್ವಲ್ಪ ಕಡಿಮೆ. ನಮ್ಮ ಕೋಣೆ ಅಷ್ಟು ಉದ್ದ ಇಲ್ಲ. ವರಾಂಡಕ್ಕೆ ಬಂದೆ. ಅಳತೆ ಟೇಪ್ ಹಿಡಿದು ನೆಲಕ್ಕೆ ಬಣ್ಣದ ಗೆರೆ ಎಳೆದೆ. ಚಾರ್ಟ್ ಮೇಲೆ ಚೆನ್ನಾಗಿ ಬೆಳಕಿರಬೇಕು, ಮಗುವಿನ ಮುಖಕ್ಕೆ ಬಿಸಿಲು ಹೊಡೆಯಬಾರದು. ಹತ್ತು ಗಂಟೆಗೆ ಸರಿ ಇದ್ದ ಜಾಗ ಮೂರು ಗಂಟೆಗೆ ಸರಿ ಇರುವುದಿಲ್ಲ.

ಎರಡನೆಯದು ಸಾಲು. ಎಲ್ಲರನ್ನೂ ಅಲ್ಲೇ ಸಾಲಾಗಿ ನಿಲ್ಲಿಸಿಬಿಟ್ಟೆ. ಐದಾರು ಮಕ್ಕಳು ಮುಗಿಸುವಷ್ಟರಲ್ಲಿ ಉಳಿದವರಿಗೆ ‘ಮ್ಯಾಲ, ಬಲಕ್ಕ, ಕೆಳಗ, ಎಡಕ್ಕ’ ಅಂತ ಬಾಯಿಪಾಠ ಆಗಿತ್ತು, ಮಗ್ಗಿ ಇದ್ದಂಗೆ. ಈಗ ಒಬ್ಬೊಬ್ಬರನ್ನೇ ಕರೆಯುತ್ತೇನೆ. ಚಾರ್ಟ್ ಆಗಾಗ ತಿರುಗಿಸಿ ತೂಗು ಹಾಕುತ್ತೇನೆ. ಬಾಯಿಂದ ಹೇಳಬೇಡ, ಮೂರು ಬೆರಳು ಚಾಚಿ ‘ಇ’ ಬಾಯಿ ಯಾವ ಕಡೆ ಐತೋ ಆ ಕಡೆ ತೋರಿಸು ಅನ್ನುತ್ತೇನೆ. ಒಂದನೇ ಇಯತ್ತೆಯ ಅಕ್ಷರ ಬಾರದ ಮಕ್ಕಳಿಗೂ ಇದು ಬರುತ್ತದೆ.

ಮೂರನೆಯದೇ ದೊಡ್ಡ ತಪ್ಪು. ಎರಡೂ ಕಣ್ಣು ತೆರೆದೇ ಪರೀಕ್ಷೆ ಮಾಡಿದ್ದೆ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಎಲ್ಲ ಸಾಲೂ ಹೇಳಿಬಿಡುತ್ತದೆ, ಕೆಟ್ಟ ಕಣ್ಣು ಅದರ ಹಿಂದೆ ಅಡಗಿ ಕೂತಿರುತ್ತದೆ. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಅದೂ ಬೆರಳಿಂದಲ್ಲ, ಸಂದಿಯಿಂದ ಇಣುಕುತ್ತಾರೆ. ಅಂಗೈಯಿಂದ ಒತ್ತಿ ಹಿಡಿದರೆ ಆಮೇಲೆ ಆ ಕಣ್ಣಿಗೇ ಮಸುಕು. ನಾನು ಹಳೆಯ ನೋಟ್‌ಬುಕ್ಕಿನ ರಟ್ಟು ಕೊಡುತ್ತೇನೆ.

ಎರಡನೇ ಸಲ ಹೀಗೆ ಮಾಡಿದಾಗಲೇ ಎರಡನೇ ಇಯತ್ತೆಯ ಆ ಹುಡುಗಿ ಸಿಕ್ಕಿದ್ದು. ಎಡಗಣ್ಣು ಮುಚ್ಚಿದರೂ ನಗುತ್ತಾ ಕೊನೆಯ ಸಾಲಿನವರೆಗೆ ತೋರಿಸಿದಳು. ಬಲಗಣ್ಣು ಮುಚ್ಚಿದ ಕೂಡಲೇ ಮುಖ ಹೊರಳಿಸಿದಳು. ರಟ್ಟು ಸರಿಸಿದಳು. ಮತ್ತೆ ಹಿಡಿದರೆ ಅಳು. ತುಂಟತನ ಅಂತ ಗದರುವವನಿದ್ದೆ. ಚಾರ್ಟ್‌ನ ಮೇಲಿನ ದೊಡ್ಡ ‘ಇ’, ನನ್ನ ಅಂಗೈ ಅಗಲದ್ದು, ಅದೂ ಅವಳಿಗೆ ಕಾಣುತ್ತಿರಲಿಲ್ಲ. ಕಣ್ಣು ಮೆಳ್ಳೆ ಇಲ್ಲ, ಕೆಂಪು ಇಲ್ಲ, ನೋವಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ಎರಡು ಕಣ್ಣಿನ ನಂಬರಿಗೆ ಬಹಳ ಅಂತರ ಇದ್ದರೆ ಮಿದುಳು ಸ್ಪಷ್ಟವಾಗಿ ಕಾಣುವ ಕಣ್ಣನ್ನೇ ನಂಬುತ್ತದೆ. ಇನ್ನೊಂದನ್ನು ಕಡೆಗಣಿಸುತ್ತದೆ. ಮೆಳ್ಳೆಗಣ್ಣಿನಿಂದಲೂ ಹೀಗಾಗುತ್ತದೆ. ಮೆಳ್ಳೆಗಣ್ಣು ಅದೃಷ್ಟ ಅಂತ ನಮ್ಮ ಕಡೆ ಸುಮ್ನೆ ಬಿಡುತ್ತಾರಲ್ಲ, ಅದನ್ನು ಕೇಳಿದರೆ ಮೈ ಉರಿಯುತ್ತದೆ. ಏಳೆಂಟು ವರ್ಷದೊಳಗೆ ಸಿಕ್ಕರೆ ಗುಣ ಚೆನ್ನಾಗಿ ಕಾಣುತ್ತದೆ. ದೊಡ್ಡವರಾದಷ್ಟೂ ಕಷ್ಟ.

ಚಾರ್ಟ್‌ನ ಸಾಲಿನ ಪಕ್ಕದ ಅಂಕಿ ಅಪ್ಪ ಅಮ್ಮಂದಿರಿಗೆ ಅರ್ಥ ಆಗುವುದಿಲ್ಲ. ನಾನು ಹೀಗೆ ಹೇಳುತ್ತೇನೆ: 6/18 ಅಂದರೆ ಬೇರೆ ಮಕ್ಕಳು 18 ಮೀಟರ್ ದೂರ ನಿಂತು ಓದುವುದನ್ನು ನಿಮ್ಮ ಮಗ 6 ಮೀಟರ್ ಹತ್ತಿರ ಬಂದು ಓದುತ್ತಾನೆ. 6/9ರ ಸಾಲು ಯಾವುದೇ ಒಂದು ಕಣ್ಣಿಗೆ ಬರದಿದ್ದರೂ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ. ರಟ್ಟಿಗೆ ದಬ್ಬಣದಿಂದ ಸಣ್ಣ ತೂತು ಮಾಡಿ ಅದರಲ್ಲಿ ನೋಡಿಸುವುದನ್ನೂ ನೇತ್ರಾಧಿಕಾರಿಯವರೇ ಕಲಿಸಿದ್ದು. ತೂತಿನಲ್ಲಿ ಸ್ಪಷ್ಟ ಕಂಡರೆ ಬಹುತೇಕ ಚಾಳೀಸಿನಿಂದ, ಅಂದರೆ ಕನ್ನಡಕದಿಂದ, ಸರಿಹೋಗುವ ತೊಂದರೆ. ಮಕ್ಕಳು ಕಣ್ಣು ಕಿರಿದು ಮಾಡಿ ಬೋರ್ಡ್ ನೋಡುವುದೂ ಇದೇ ಉಪಾಯ, ರೆಪ್ಪೆಯಲ್ಲೇ ತೂತು ಮಾಡಿಕೊಳ್ಳುತ್ತಾರೆ.

ಚಾರ್ಟ್ ಒಂದನ್ನೇ ನಂಬಬಾರದು. ಪ್ಲಸ್ ನಂಬರಿನ ಮಕ್ಕಳು ದೂರದ್ದನ್ನು ಸರಾಗವಾಗಿ ಹೇಳಿ ಪಾಸಾಗಬಹುದು. ಓದಲು ಕೂತರೆ ಮಾತ್ರ ತಲೆನೋವು. ಸಾಲು ತಪ್ಪಿ ಓದುವವರು, ತಲೆ ಓರೆ ಮಾಡುವವರು, ಮೂಗು ಪುಸ್ತಕಕ್ಕೆ ತಾಗಿಸುವವರು, ಇವರ ಹೆಸರು ಬೇರೆ ಬರೆದಿಡುತ್ತೇನೆ. ಕಣ್ಣು ಉಜ್ಜುವುದನ್ನು ಹಿಡಿಯುವುದು ನಮ್ಮಲ್ಲಿ ಕಷ್ಟ. ಬ್ಯಾಡಗಿ ಸೀಮೆ, ಅವ್ವಂದಿರು ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ, ಅದೇ ಸೆರಗಿನಿಂದ ಮಗುವಿನ ಮುಖ ಒರೆಸುತ್ತಾರೆ. ಎಲ್ಲದಕ್ಕೂ ‘ಘಾಟು ರೀ ಸರ’ ಅನ್ನುವ ಒಂದೇ ಉತ್ತರ. ಸುಗ್ಗಿ ಮುಗಿದ ಮೇಲೂ ಉಜ್ಜುತ್ತಿದ್ದರೆ ಘಾಟಲ್ಲ.

ಚೀಟಿ ಬರೆದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಚೀಟಿ ಹೋಗಿ ದೇವರ ಮಾಡದಲ್ಲಿ ಕೂರುತ್ತದೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಡ್ರಾಪ್ಸ್ ಹಾಕಿ ನೋಡಲು ಇನ್ನೊಂದು ದಿನ. ನವಿಲಿನ ಹುಡುಗನ ಅಪ್ಪ ಇದನ್ನು ತಪ್ಪಿಸಲು ಪೇಟೆಯ ಒಂದು ಅಂಗಡಿಯಲ್ಲಿ ಯಂತ್ರದಲ್ಲಿ ನೋಡಿಸಿ ಚಾಳೀಸು ತಂದುಬಿಟ್ಟ. ಹಾಕಿಕೊಂಡರೆ ಹುಡುಗನಿಗೆ ತಲೆ ತಿರುಗುತ್ತಿತ್ತು. ಮಕ್ಕಳ ಕಣ್ಣಿನ ಸ್ನಾಯು ಬಲವಾಗಿರುತ್ತದೆ, ಡ್ರಾಪ್ಸ್ ಹಾಕಿ ಅದನ್ನು ಸಡಿಲ ಮಾಡದಿದ್ದರೆ ಮೈನಸ್ ನಂಬರು ಜಾಸ್ತಿ ಬರಬಹುದು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ನಂಬರು ಇಳಿಯಿತು. ಡ್ರಾಪ್ಸ್ ಹಾಕಿದ ಮೇಲೆ ಹತ್ತಿರದ್ದು ಮಸುಕು, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ‘ಇದ್ದ ಕಣ್ಣೂ ಹೋತು’ ಅಂತ ಊರೆಲ್ಲ ಸುದ್ದಿ.

ಮನೆ ಮದ್ದಿನದು ಇನ್ನೊಂದು ಕಥೆ. ಅಜ್ಜಿಯೊಬ್ಬರು ನಂದಬಟ್ಟಲು ಹೂವಿನ ರಸ ಬಿಡುತ್ತಿದ್ದರು. ‘ಆಯಿ, ಕಣ್ಣಿಗೆ ಏನೂ ಹಾಕಬ್ಯಾಡ್ರಿ, ಗಜ್ಜರಿ ಬೇಕಾದ್ರ ತಿನಸ್ರಿ’ ಅಂದೆ. ಗಜ್ಜರಿ, ಸೊಪ್ಪು ತಿಂದರೆ ಇರುಳುಗಣ್ಣು ತಪ್ಪಬಹುದು, ಚಾಳೀಸಿನ ನಂಬರು ಇಳಿಯುವುದಿಲ್ಲ. ಆದರೂ ತಿನ್ನಲಿ ಬಿಡಿ.

ಚಾಳೀಸು ಬಂದ ಮೇಲೆ ಹಾಕಿಸುವುದೇ ದೊಡ್ಡ ಕೆಲಸ. ‘ಸೋಡಾಬುಡ್ಡಿ’ ಅಂತ ಕರೆದರೆ ಮರುದಿನ ಚಾಳೀಸು ಮಾಯ. ಈಗ ಹಾಜರಿ ಕರೆಯುವಾಗ ಚಾಳೀಸು ಹಾಕಿದವರ ಹೆಸರ ಮುಂದೆ ಪೆನ್ಸಿಲ್‌ನಿಂದ ‘ಚಾ’ ಅಂತ ಗುರುತು ಮಾಡುತ್ತೇನೆ. ವಾರದಲ್ಲಿ ಎರಡು ದಿನ ‘ಚಾ’ ತಪ್ಪಿದರೆ ಮನೆಗೆ ಹೋಗುತ್ತೇನೆ. ಎಷ್ಟೋ ಸಲ ಕಾರಣ ನಾಚಿಕೆ ಅಲ್ಲ, ಕಿವಿ ಹಿಂದೆ ಕಡ್ಡಿ ಒತ್ತಿ ಗಾಯ ಆಗಿರುತ್ತದೆ.

ಆ ಹುಡುಗಿಗೆ ಚಾಳೀಸಿನ ಜೊತೆ, ಸೋಮಾರಿ ಕಣ್ಣು ಕೆಲಸ ಮಾಡಲಿ ಅಂತ, ಒಳ್ಳೆಯ ಕಣ್ಣಿಗೆ ದಿನಾ ಎರಡು ತಾಸು ಪಟ್ಟಿ. ಮನೆಯಲ್ಲಿ ಕಿತ್ತು ಎಸೆಯುತ್ತಿದ್ದಳು. ಅದಕ್ಕೆ ಶಾಲೆಯಲ್ಲೇ ಹಚ್ಚುತ್ತೇವೆ. ಆ ಹೊತ್ತಿನಲ್ಲಿ ಬಿಸಿಯೂಟದ ಅಕ್ಕನ ಜೊತೆ ಕೂತು ಬೇಳೆಯಲ್ಲಿ ಹರಳು ಆರಿಸುತ್ತಾಳೆ. ಆರು ತಿಂಗಳಿಗೆ ಎಡಗಣ್ಣು 6/24ಕ್ಕೆ ಬಂತು. ಬೇಸಿಗೆ ರಜೆಯಲ್ಲಿ ಬೆವರಿಗೆ ಪಟ್ಟಿ ನಿಲ್ಲಲಿಲ್ಲ, ಅಲ್ಲೇ ನಿಂತಿದೆ. ಮತ್ತೆ ಶುರು ಮಾಡಿದ್ದೇವೆ.

ವರಾಂಡದ ಗೆರೆ ಈಗ ಮಕ್ಕಳ ಆಟದ ಜಾಗ. ಬಿಡುವಿನಲ್ಲಿ ಒಬ್ಬರನ್ನೊಬ್ಬರು ನಿಲ್ಲಿಸಿ ರಟ್ಟು ಕೊಡುತ್ತಾರೆ. ಕಳೆದ ತಿಂಗಳು ನನ್ನನ್ನೂ ನಿಲ್ಲಿಸಿದರು. ನವಿಲಿನ ಹುಡುಗನೇ ಡಾಕ್ಟರು. ಚಾಳೀಸು ಹಾಕಿಕೊಂಡೇ ನಿಂತಿದ್ದೆ, ಆದರೂ ಎಡಗಣ್ಣು 6/12ರ ಮುಂದೆ ಹೋಗಲಿಲ್ಲ. ‘ಕಾಣತೈತಿ ಬಿಡಲೇ’ ಅಂದೆ. ಅವನು ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದುಕೊಟ್ಟ. ಅದು ಇನ್ನೂ ನನ್ನ ಜೇಬಿನಲ್ಲೇ ಇದೆ.