ಮೂಲೆ ಸೇರಿದ ಮೋಟಾರ್ ದೋಣಿಯನ್ನು ಮತ್ತೆ ನೀರಿಗಿಳಿಸುವುದು ಹೇಗೆ?

ಹರಿದ ಟಾರ್ಪಾಲು, ಒಳಗೆ ಕೊಳೆತ ಎಲೆ, ಪಾದ ಮುಳುಗುವಷ್ಟು ಮಳೆನೀರು. ವರ್ಷಗಟ್ಟಲೆ ಯಾರೂ ಮುಟ್ಟದ ಮೋಟಾರ್ ದೋಣಿ ಹೀಗೇ ಇರುತ್ತದೆ. ಅಗ್ಗಕ್ಕೆ ಸಿಗುತ್ತದೆ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಸಿಗುತ್ತದೆ. ತಂದವರ ಕೈ ಮೊದಲು ಹೋಗುವುದು ಬಣ್ಣದ ಡಬ್ಬಿಗೆ. ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಬಣ್ಣ ಕಟ್ಟಕಡೆಯ ಕೆಲಸ.

ಮೊದಲ ಕೆಲಸ, ನೀರು ಎಲ್ಲೆಲ್ಲಿ ಹೊಕ್ಕಿದೆ ಎಂದು ಹುಡುಕುವುದು. ಮರದೊಳಗೆ ನೀರು, ಪೆಟ್ರೋಲಿನಲ್ಲಿ ನೀರು, ಗೇರ್ ಆಯಿಲಿನಲ್ಲಿ ನೀರು, ವೈರಿನ ಹೊದಿಕೆಯ ಒಳಗೂ ನೀರು. ಹಳೆಯ ದೋಣಿಯ ರಿಪೇರಿ ಅಂದರೆ ಬಹುಪಾಲು ಇದೇ. ಇಲ್ಲಿ ಹೇಳುತ್ತಿರುವುದು ಔಟ್‌ಬೋರ್ಡ್ ಎಂಜಿನ್, ಅಂದರೆ ಹಿಂಬದಿಗೆ ಹೊರಗಡೆ ತೂಗುಹಾಕುವ ಎಂಜಿನ್, ಇರುವ ಸಣ್ಣ ಫೈಬರ್‌ಗ್ಲಾಸ್ ದೋಣಿಯ ಬಗ್ಗೆ.

ತಟ್ಟಿ ನೋಡಿ, ಕೊರೆದು ನೋಡಿ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಆದರೆ 1960, 70, 80ರ ದಶಕಗಳ ಬಹಳಷ್ಟು ಫೈಬರ್ ದೋಣಿಗಳ ಹೊಟ್ಟೆಯಲ್ಲಿ ಮರವಿದೆ. ಎಂಜಿನ್ ಕೂರಿಸುವ ಹಿಂಬದಿಯ ಗೋಡೆಯನ್ನು ಟ್ರಾನ್ಸಮ್ ಅನ್ನುತ್ತಾರೆ. ಅದರೊಳಗೆ ಪ್ಲೈವುಡ್ ಇರುತ್ತದೆ. ತಳದ ಉದ್ದಕ್ಕೂ ಹೋಗುವ ತೊಲೆಗಳು, ಅಂದರೆ ಸ್ಟ್ರಿಂಗರ್‌ಗಳು, ಮರದವು. ನಾವು ಕಾಲಿಡುವ ನೆಲವೂ ಪ್ಲೈವುಡ್ಡೇ. ಇವೆಲ್ಲದರ ಮೇಲೆ ಫೈಬರ್ ಹೊದಿಸಿರುತ್ತಾರೆ. ಒಂದು ಸ್ಕ್ರೂ ತೂತಿನಿಂದ ಮಳೆನೀರು ಒಳಗಿಳಿದರೂ ಸಾಕು, ಮತ್ತೆ ಹೊರಬರಲು ದಾರಿಯಿಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರಿಗಿಂತ ಸಿಹಿನೀರು ಹೆಚ್ಚು ಹಿತ. ಹಾಗಾಗಿ ಸಮುದ್ರದಲ್ಲಿ ಓಡಾಡಿದ್ದಕ್ಕಿಂತ ಬಯಲಲ್ಲಿ ಮಳೆಗೆ ಮೈಯೊಡ್ಡಿ ನಿಂತದ್ದೇ ದೋಣಿಗೆ ಜಾಸ್ತಿ ಹಾನಿ ಮಾಡಿರುತ್ತದೆ.

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಟ್ರಾನ್ಸಮ್ಮಿನ ಮೇಲೆ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ‘ಟಕ್’ ಎಂದು ಚುರುಕಾದ ಸದ್ದು ಬರುತ್ತದೆ. ಕೊಳೆತ ಕಡೆ ‘ದಪ್’ ಎಂದು ಸತ್ತ ಸದ್ದು. ಆಮೇಲೆ ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅದರ ಜೊತೆಗೆ ಟ್ರಾನ್ಸಮ್ಮೂ ಬಾಗಿದರೆ ಒಳಗಿನ ಮರ ಹೋಗಿದೆ ಎಂದೇ ಲೆಕ್ಕ. ಅನುಮಾನವಿದ್ದಲ್ಲಿ ಒಳಬದಿಯಿಂದ ಒಂದು ಸಣ್ಣ ತೂತು ಕೊರೆಯಿರಿ. ಬೆಳ್ಳಗಿನ ಒಣ ಪುಡಿ ಬಂದರೆ ಸಂತೋಷ. ಕಪ್ಪಗೆ ಒದ್ದೆಯಾಗಿ, ವಾಸನೆ ಹೊಡೆಯುತ್ತಾ ಬಂದರೆ ಮರ ಬದಲಿಸಲೇಬೇಕು. ಸ್ಟ್ರಿಂಗರ್‌ಗಳನ್ನೂ ಹೀಗೇ ಪರೀಕ್ಷಿಸಿ.

ನೆಲದ ಕೆಳಗೆ ತುಂಬಿರುವ ಫೋಮನ್ನು ಮರೆಯಬೇಡಿ. ದೋಣಿ ಮುಳುಗದಿರಲಿ ಎಂದು ಹಾಕಿದ ಫೋಮ್ ವರ್ಷಗಳ ಕಾಲ ನೀರಿನಲ್ಲಿ ನೆನೆದರೆ ನೀರನ್ನೇ ಹೀರಿಕೊಂಡು ಭಾರವಾಗುತ್ತದೆ. ಹೀಗೆ ಸೇರಿದ ತೂಕ ನೂರು ಕಿಲೋ ದಾಟಿದರೂ ಆಶ್ಚರ್ಯವಿಲ್ಲ. ಬಿಸಿಲಿಗೆ ಬಿಟ್ಟರೆ ಅದು ಒಣಗುವುದಿಲ್ಲ, ಕಿತ್ತು ಹಾಕಬೇಕು.

ಮೈಮೇಲಿನ ಬಿರುಕುಗಳೆಲ್ಲ ಅಪಾಯದವಲ್ಲ. ಹಗ್ಗ ಕಟ್ಟುವ ಕೊಂಡಿಯ ಸುತ್ತ ಜೇಡರ ಬಲೆಯ ಹಾಗೆ ಹರಡಿದ ಗೆರೆಗಳು ಸಾಮಾನ್ಯವಾಗಿ ಮೇಲಿನ ಹೊಳಪಿನ ಪದರವಾದ ಜೆಲ್‌ಕೋಟಿಗಷ್ಟೇ ಸೀಮಿತ. ತಳದಲ್ಲಿ ಅಥವಾ ಟ್ರಾನ್ಸಮ್ಮಿನ ಮೂಲೆಯಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ಬಿಟ್ಟ ಬಿರುಕು ಕಂಡರೆ ಅಲ್ಲಿ ದೋಣಿ ಬಾಗುತ್ತಿದೆ ಎಂದರ್ಥ.

ಖರ್ಚಿಗೆ ಮೊದಲು ಎಂಜಿನ್ನಿನ ನಾಡಿ ಹಿಡಿಯಿರಿ

ಮರದ ಕೆಲಸ ಶುರು ಮಾಡುವ ಮೊದಲೇ ಎಂಜಿನ್ ಬದುಕಿದೆಯೇ ಎಂದು ನೋಡಿಕೊಳ್ಳಿ. ಇಡೀ ದೋಣಿಯಲ್ಲಿ ದುಬಾರಿ ವಸ್ತು ಅದೇ ಅಲ್ವಾ? ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸುವ ಆಸೆ ಮಾತ್ರ ಬೇಡ. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ಓಡಿದರೆ ಗೀರು ಬೀಳುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಡಿ. ಒಂದು ದಿನ ಹಾಗೇ ಇರಲಿ. ಮರುದಿನ ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಹಗುರವಾಗಿ ತಿರುಗಿದರೆ ಪ್ರತಿ ಸಿಲಿಂಡರಿನ ಒತ್ತಡವನ್ನು ಕಂಪ್ರೆಷನ್ ಗೇಜ್ ಹಾಕಿ ಅಳೆಯಿರಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 10ರಿಂದ 15 ಶೇಕಡಾದೊಳಗಿದ್ದರೆ ಎಂಜಿನ್ನಿನ ಮೇಲೆ ನಂಬಿಕೆ ಇಡಬಹುದು. ಒಂದು ಸಿಲಿಂಡರ್ ತೀರಾ ಕಡಿಮೆ ತೋರಿಸಿದರೆ ಒಳಗೆ ದೊಡ್ಡ ಕೆಲಸವಿದೆ.

ಟ್ರಾನ್ಸಮ್, ಸ್ಟ್ರಿಂಗರ್, ನೆಲ ಮೂರೂ ಹೋಗಿ, ಎಂಜಿನ್ನೂ ತಿರುಗದೆ ಜಾಮ್ ಆಗಿದ್ದರೆ ಆ ದೋಣಿಯನ್ನು ಬಿಡಿ. ಅದೇ ದುಡ್ಡಿಗೆ, ಅದೇ ದುಡಿಮೆಗೆ ಇದಕ್ಕಿಂತ ಒಳ್ಳೆಯ ದೋಣಿ ಸಿಗುತ್ತದೆ. ಟ್ರಾನ್ಸಮ್ ಒಂದೇ ಹೋಗಿದ್ದು ಎಂಜಿನ್ ಚೆನ್ನಾಗಿದ್ದರೆ ಧೈರ್ಯವಾಗಿ ಕೈಹಾಕಿ.

ಟ್ರಾನ್ಸಮ್ ಬದಲಿಸುವುದು

ಎಂಜಿನ್ನನ್ನು ಚೈನ್ ಬ್ಲಾಕಿನಿಂದ ಎತ್ತಿ ಇಳಿಸಿ. ದೋಣಿಯ ತಳಕ್ಕೆ ಹಲವು ಕಡೆ ಸಮನಾಗಿ ಆಧಾರ ಕೊಡಿ. ಒಳಗಿನ ಮರ ತೆಗೆದ ಮೇಲೆ ಫೈಬರ್ ಚಿಪ್ಪು ಸಡಿಲವಾಗುತ್ತದೆ. ಆಗ ತಳ ಸೊಟ್ಟಗಾದರೆ ಹೊಸ ಮರ ಅದೇ ಸೊಟ್ಟವನ್ನು ಶಾಶ್ವತ ಮಾಡಿಬಿಡುತ್ತದೆ. ಸ್ಟ್ರಿಂಗರ್‌ಗಳನ್ನು ಒಂದಾದ ಮೇಲೊಂದು ಬದಲಿಸುವುದೂ ಇದೇ ಕಾರಣಕ್ಕೆ.

ಒಳಗಿನ ಫೈಬರ್ ಪದರವನ್ನು ಅಂಚಿನಿಂದ ಕೆಲವು ಇಂಚು ಬಿಟ್ಟು ಕತ್ತರಿಸಿ. ಹೊರಗಿನ ಪದರವನ್ನು ಮುಟ್ಟಬೇಡಿ. ಒಳಗಿನ ಪ್ಲೈವುಡ್ ಒದ್ದೆ ರಟ್ಟಿನ ಹಾಗೆ ಪದರ ಪದರವಾಗಿ ಕೈಗೆ ಬರುತ್ತದೆ. ಗಟ್ಟಿಯಾಗಿ ಕಂಡ ಚೂರನ್ನು ಉಳಿಸಿಕೊಳ್ಳುವ ಮನಸ್ಸಾಗುತ್ತದೆ, ಆದರೆ ಪೂರ್ತಿ ತೆಗೆಯುವುದೇ ಸರಿ. ಕೊಳೆತ ಮರಕ್ಕೆ ತೂತು ಕೊರೆದು ತೆಳುವಾದ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸುರಿಯುವ ಸುಲಭೋಪಾಯವನ್ನು ನಾನು ಒಪ್ಪುವುದಿಲ್ಲ. ಒದ್ದೆ ಮರದೊಳಕ್ಕೆ ಅದು ಸರಿಯಾಗಿ ಇಳಿಯುವುದಿಲ್ಲ. ಪೂರ್ತಿ ವೇಗದಲ್ಲಿ ಎಂಜಿನ್ನಿನ ನೂಕುವ ಶಕ್ತಿಯೆಲ್ಲ ಬೀಳುವುದು ಇದೇ ಗೋಡೆಯ ಮೇಲೆ.

ಗ್ರೈಂಡರ್ ಹಿಡಿಯುವ ಮೊದಲು ಧೂಳು ಮತ್ತು ಆವಿ ಎರಡನ್ನೂ ತಡೆಯುವ ರೆಸ್ಪಿರೇಟರ್, ಕನ್ನಡಕ, ಪೂರ್ತಿ ತೋಳಿನ ಬಟ್ಟೆ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಸಾಲದು. ಹಳೆಯ ಮೈಯನ್ನು ಮೊದಲು ಅಸಿಟೋನಿನಿಂದ ಒರೆಸಿ, ಆಮೇಲೆ ಉಜ್ಜಿ. ಮೊದಲು ಉಜ್ಜಿದರೆ ಮೇಲಿನ ಮೇಣ ಒಳಕ್ಕೆ ತಿಕ್ಕಿಕೊಂಡು ಹೊಸ ರೆಸಿನ್ (ಎಪಾಕ್ಸಿಯಂಥ ಅಂಟು ದ್ರವ) ಹಿಡಿಯದಂತೆ ಮಾಡುತ್ತದೆ.

ಹೊಸ ಮರಕ್ಕೆ ಬ್ರಿಟಿಷ್ ಮಾನದಂಡವಾದ ಬಿಎಸ್ 1088 ದರ್ಜೆಯ ಮರೈನ್ ಪ್ಲೈವುಡ್ ಒಳ್ಳೆಯದು. ಹಳೆಯ ಮರದ ದಪ್ಪವನ್ನೇ ಉಳಿಸಿಕೊಳ್ಳಿ. ಎರಡು ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸಿ ಆ ದಪ್ಪಕ್ಕೆ ತನ್ನಿ. ದೋಣಿಗೆ ಅಂಟಿಸುವ ಮೊದಲು ಹಾಗೇ ಒಮ್ಮೆ ಕೂರಿಸಿ ಅಳತೆ ಸರಿಯಿದೆಯೇ ನೋಡಿ. ಅಂಚುಗಳಿಗೆ ಕುಡಿಯುವಷ್ಟು ಎಪಾಕ್ಸಿ ಬಳಿಯಿರಿ, ಏಕೆಂದರೆ ಪ್ಲೈವುಡ್ ನೀರು ಹೀರುವುದು ಹೆಚ್ಚಾಗಿ ಅಂಚಿನಿಂದ. ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯನ್ನು ಹೊರಪದರಕ್ಕೆ ಹಚ್ಚಿ, ಮರ ಕೂರಿಸಿ, ಕ್ಲ್ಯಾಂಪ್ ಹಾಕಿ. ಎಲ್ಲ ಅಂಚಿನಲ್ಲೂ ಎಪಾಕ್ಸಿ ಉಕ್ಕಿ ಬಂದರೆ ಒಳಗೆ ಪೊಳ್ಳು ಉಳಿದಿಲ್ಲ ಎಂದು ತಿಳಿಯಬಹುದು. ಒಳಮೂಲೆಗಳನ್ನು ಅದೇ ಮಂದ ಎಪಾಕ್ಸಿಯಿಂದ ದುಂಡಗೆ ಮಾಡಿ, ಮೇಲೆ ಗ್ಲಾಸ್ ಬಟ್ಟೆಯ ಪದರ ಹಾಕಿ.

ಹಳೆಯ ಫೈಬರಿಗೆ ಹೊಸದನ್ನು ಕೂಡಿಸುವಲ್ಲಿ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ 12 ಪಟ್ಟು ಅಗಲ ಇರಲಿ. ಗೋಡೆ 5 ಮಿ.ಮೀ. ದಪ್ಪವಿದ್ದರೆ ಇಳಿಜಾರು 60 ಮಿ.ಮೀ.

ಪಾಲಿಯೆಸ್ಟರ್ ರೆಸಿನ್ ಅಗ್ಗ, ಎಪಾಕ್ಸಿ ದುಬಾರಿ. ಹಾಗಿದ್ದರೂ ರಿಪೇರಿಗೆ ಎಪಾಕ್ಸಿಯೇ ಮೇಲು, ಹಳೆಯ ಮೈಗೆ ಅದು ಹೆಚ್ಚು ಬಿಗಿಯಾಗಿ ಅಂಟುತ್ತದೆ. ಎಪಾಕ್ಸಿಯನ್ನು ಗಟ್ಟಿ ಮಾಡುವ ಎರಡನೇ ದ್ರವವಾದ ಹಾರ್ಡನರನ್ನು ತಯಾರಕರು ಹೇಳಿದ ಅಳತೆಯಲ್ಲೇ ಬೆರೆಸಿ. ಜಾಸ್ತಿ ಹಾಕಿದರೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಗಟ್ಟಿಯಾದ ಮೇಲೆ ಮೈಮೇಲೆ ಜಿಡ್ಡಿನಂಥ ಪೊರೆ ಕಂಡರೆ ನೀರಿನಿಂದ ತೊಳೆದು ನಂತರ ಉಜ್ಜಿ.

ಇನ್ನು ಸ್ಕ್ರೂ ತೂತುಗಳು. ಹಿಂದೆ ಮರ ಕೊಳೆತದ್ದೇ ಇವುಗಳಿಂದ. ಮರಕ್ಕೆ ಹೋಗುವ ಪ್ರತಿ ತೂತನ್ನೂ ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆಯಿರಿ. ಅದನ್ನು ಮಂದ ಎಪಾಕ್ಸಿಯಿಂದ ತುಂಬಿ. ಗಟ್ಟಿಯಾದ ಮೇಲೆ ನಡುವೆ ಸರಿಯಾದ ಅಳತೆಯ ತೂತು ಹಾಕಿ. ಈಗ ಬೋಲ್ಟಿನ ಸುತ್ತ ಎಪಾಕ್ಸಿಯ ಗೋಡೆಯಿದೆ, ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ. ಎಂಜಿನ್ ಬೋಲ್ಟ್, ನೀರು ಬಿಡುವ ತೂತು, ಲೈಟಿನ ಸ್ಕ್ರೂ, ಯಾವುದನ್ನೂ ಬಿಡಬೇಡಿ. ಬೇಸರದ ಕೆಲಸ, ನಿಜ. ಆದರೆ ಇಡೀ ರಿಪೇರಿಯಲ್ಲಿ ಇದಕ್ಕಿಂತ ಹೆಚ್ಚು ಬೆಲೆಬಾಳುವ ಕೆಲಸ ಇನ್ನೊಂದಿಲ್ಲ.

ಎಂಜಿನ್ನಿಗೆ ಜೀವ

ಗೇರ್ ಆಯಿಲಿನಿಂದ ಶುರು ಮಾಡಿ. ಕೆಳಗಿನ ತಿರುಪು ಬಿಚ್ಚಿ ಸುರಿಸಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಸೋತು ನೀರು ಸೇರಿದೆ. ಪ್ರೊಪೆಲ್ಲರ್ ಬಿಚ್ಚಿ ಹಿಂದೆ ನೋಡಿ. ಮೀನು ಹಿಡಿಯುವ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದು ತುಂಬಾ ಸಾಮಾನ್ಯ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಿದರೆ ಒಳಗೆ ಗಾಳಿ ಉಳಿಯುವುದಿಲ್ಲ.

ಎಂಜಿನ್ ತಣ್ಣಗಿಡಲು ನೀರೆತ್ತುವ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ರಬ್ಬರಿನದು. ವರ್ಷಗಟ್ಟಲೆ ನಿಂತರೆ ಅದರ ರೆಕ್ಕೆಗಳು ಬಾಗಿದಲ್ಲೇ ಗಟ್ಟಿಯಾಗುತ್ತವೆ. ಹೇಗೇ ಕಾಣಲಿ, ಬದಲಿಸಿ. ಹಳೆಯದರ ರೆಕ್ಕೆಯೊಂದು ಮುರಿದು ಹೋಗಿದ್ದರೆ ಆ ಚೂರು ನೀರಿನ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹುಡುಕಿ ತೆಗೆಯಲೇಬೇಕು. ನೀರಿಲ್ಲದೆ ಎಂಜಿನ್ನನ್ನು ಒಂದು ಕ್ಷಣವೂ ಓಡಿಸಬೇಡಿ, ಹೊಸ ಇಂಪೆಲ್ಲರ್ ಕೂಡ ಸುಟ್ಟುಹೋಗುತ್ತದೆ.

ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಎಥನಾಲ್ ಮತ್ತು ನೀರು ಒಂದಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಎಳೆದುಕೊಳ್ಳುವುದೂ ಅಲ್ಲಿಂದಲೇ. ಕಾರ್ಬುರೇಟರ್ ಬಿಚ್ಚಿ, ಅಂಟು ಕಟ್ಟಿದ ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತುಗಳನ್ನು) ಸ್ವಚ್ಛ ಮಾಡಿ. ಪೈಪು, ಕೈಯಿಂದ ಹಿಸುಕಿ ಪೆಟ್ರೋಲ್ ತುಂಬಿಸುವ ಪ್ರೈಮರ್ ಬಲ್ಬ್ ಹೊಸದು ಹಾಕಿ. ಟ್ಯಾಂಕ್ ಮತ್ತು ಎಂಜಿನ್ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಇರಲಿ.

ಎಂಜಿನ್ನಿನ ಮೈಗೆ ಅಂಟಿಕೊಂಡಿರುವ ಆನೋಡ್ ಎಂಬ ಲೋಹದ ತುಂಡು ತಾನು ಸವೆದು ಎಂಜಿನ್ನನ್ನು ಉಳಿಸುತ್ತದೆ. ಅರ್ಧ ಸವೆದಿದ್ದರೆ ಬದಲಿಸಿ. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅದರ ಮೇಲೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ.

ಕೊನೆಗೆ ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಸ್ಟಾರ್ಟ್ ಮಾಡಿ. ಪಕ್ಕದ ಸಣ್ಣ ತೂತಿನಿಂದ ನೀರು ಬಿಡದೆ ಚಿಮ್ಮಬೇಕು. ಚಿಮ್ಮದಿದ್ದರೆ ತಕ್ಷಣ ಆಫ್ ಮಾಡಿ.

ವೈರಿಂಗ್: ಹಳೆಯದನ್ನು ಕಿತ್ತುಹಾಕಿ

ವೈರಿನ ತುದಿ ಸ್ವಲ್ಪ ಸುಲಿದು ನೋಡಿ. ತಾಮ್ರ ಕಪ್ಪಗಾಗಿದ್ದರೆ ಆ ಕಪ್ಪು ಒಳಗೆ ದೂರದವರೆಗೂ ಹೋಗಿರುತ್ತದೆ. ತೇಪೆ ಹಾಕುತ್ತಾ ಕೂರುವ ಬದಲು ಎಲ್ಲವನ್ನೂ ಹೊಸದು ಮಾಡುವುದೇ ನನ್ನ ಸಲಹೆ. ತವರ ಲೇಪಿಸಿದ ಬಹು ಎಳೆಯ ತಾಮ್ರದ ವೈರ್ ತನ್ನಿ. ಬಿಸಿ ಮಾಡಿದರೆ ಕುಗ್ಗಿ ಅಂಟು ಬಿಡುವ ಕ್ರಿಂಪ್ ಕನೆಕ್ಟರ್‌ಗಳನ್ನೇ ಬಳಸಿ. ಬ್ಯಾಟರಿಯಿಂದ ಹೊರಡುವ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಅಮೆರಿಕದ ದೋಣಿ ಮಾನದಂಡದ ಪ್ರಕಾರ ಈ ದೂರ 7 ಇಂಚು, ಅಂದರೆ ಸುಮಾರು 18 ಸೆಂ.ಮೀ.

ತಳದ ನೀರು ಹೊರಹಾಕುವ ಬಿಲ್ಜ್ ಪಂಪಿಗೆ ತಾನೇ ಆನ್ ಆಗುವ ಫ್ಲೋಟ್ ಸ್ವಿಚ್ ಹಾಕಿ. ಅದಕ್ಕೆ ಮುಖ್ಯ ಸ್ವಿಚ್ಚನ್ನು ಹಾಯದೆ, ಫ್ಯೂಸ್ ಮೂಲಕ ಬ್ಯಾಟರಿಯಿಂದ ನೇರ ಸಂಪರ್ಕ ಇರಲಿ. ಪಂಪ್ ದೊಡ್ಡದೇ ಇರಲಿ ಎನ್ನಲು ಒಂದು ಲೆಕ್ಕ ನೋಡಿ. ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗೆ 25 ಮಿ.ಮೀ. ತೂತಾದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಗಂಟೆಗೆ 2,000 ಲೀಟರ್ ಎಂದು ಬರೆದ ಪಂಪ್ ಎತ್ತುವುದು ನಿಮಿಷಕ್ಕೆ ಸುಮಾರು 33 ಲೀಟರ್. ಪೈಪಿನಲ್ಲಿ ಮೇಲೆ ಏರಿಸಬೇಕಾದಾಗ ಇನ್ನೂ ಕಡಿಮೆ.

ಎಂಜಿನ್ ಒಳಗಡೆಯೇ ಇರುವ ದೋಣಿಯಾದರೆ ಇನ್ನೊಂದು ಎಚ್ಚರ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಶೇಖರವಾಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ ಆವಿ ಹೊರಹಾಕುವ ಬ್ಲೋಯರ್ ಓಡಿಸಿ, ಆಮೇಲೂ ಮೂಸಿ ನೋಡಿ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಅಲ್ಲಿ ಬೇಡವೇ ಬೇಡ. ಅವುಗಳ ಕಿಡಿ ಹೊರಬರದಂತೆ ತಡೆಯುವ ರಚನೆ ಇರುವುದಿಲ್ಲ.

ಹೊಸ ಎಂಜಿನ್ ಹಾಕುವುದಾದರೆ

ದೋಣಿಯ ಮೇಲಿನ ಫಲಕದಲ್ಲಿ ಗರಿಷ್ಠ ಅಶ್ವಶಕ್ತಿ ಬರೆದಿದ್ದರೆ ಅದನ್ನು ಮೀರಬೇಡಿ. ಅಶ್ವಶಕ್ತಿ ಒಂದೇ ಆದರೂ ಫೋರ್ ಸ್ಟ್ರೋಕ್ ಎಂಜಿನ್ ಹಳೆಯ ಟೂ ಸ್ಟ್ರೋಕಿಗಿಂತ ಸಾಮಾನ್ಯವಾಗಿ ಭಾರ. ಹಿಂಭಾಗ ತಗ್ಗಿದರೆ ನೀರು ಹೊರಹೋಗಬೇಕಾದ ತೂತುಗಳಿಂದಲೇ ನೀರು ಒಳಬರಬಹುದು. ಬ್ಯಾಟರಿ, ಪೆಟ್ರೋಲ್ ಟ್ಯಾಂಕನ್ನು ಮುಂದಕ್ಕೆ ಸರಿಸಿ ಸರಿದೂಗಿಸಬಹುದು. ಶಾಫ್ಟಿನ ಉದ್ದ 15, 20, 25 ಇಂಚುಗಳಲ್ಲಿ ಬರುತ್ತದೆ. ಕೊಳ್ಳುವ ಮೊದಲು ಟ್ರಾನ್ಸಮ್ಮಿನ ಎತ್ತರ ಅಳೆಯಿರಿ.

ಈಗ ಬಣ್ಣ

ಮಂಕಾದ ಜೆಲ್‌ಕೋಟಿಗೆ ಎಷ್ಟೋ ಸಲ ಬಣ್ಣವೇ ಬೇಕಿಲ್ಲ. ತೊಳೆದು, 800, 1000, 2000 ನಂಬರಿನ ಪೇಪರಿನಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿ, ಮೇಣ ಬಳಿದರೆ ಹೊಳಪು ಮರಳುತ್ತದೆ. ಆ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪವಷ್ಟೇ, ಅತಿಯಾಗಿ ಉಜ್ಜಬೇಡಿ. ಬಣ್ಣ ಬೇಕೇ ಬೇಕು ಎಂದರೆ ಎರಡು ಭಾಗದ ಪಾಲಿಯುರೆಥೇನನ್ನು ರೋಲರಿನಿಂದ ಹಚ್ಚಿ, ಬ್ರಶ್ಶಿನ ತುದಿಯಿಂದ ಹದ ಮಾಡಿ. ಸ್ಪ್ರೇ ಮಾಡಿದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ.

ತಳದಲ್ಲಿ ಪಾಚಿ, ಚಿಪ್ಪು ಹಿಡಿಯದಂತೆ ಬಳಿದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ. ಅದರಲ್ಲಿ ತಾಮ್ರವಿರುತ್ತದೆ. ತೀರಾ ಹಳೆಯದರಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ವಿಷವೂ ಇರಬಹುದು. ಇದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, 2008ರಲ್ಲಿ ಜಾರಿಗೆ ಬಂತು. ಆ ಕೆಸರು ಚರಂಡಿಗೆ ಹೋಗದಂತೆ ಹಿಡಿದಿಡಿ.

ನೀರಿಗಿಳಿಸುವ ದಿನ

ಡ್ರೈನ್ ಪ್ಲಗ್ ಹಾಕಿದ್ದೀರಾ? ಕೈಯಿಂದ ಮುಟ್ಟಿ ನೋಡಿ. ಲೈಫ್ ಜಾಕೆಟ್, ಹುಟ್ಟು, ಲಂಗರು, ಬೆಂಕಿ ನಂದಿಸುವ ಸಿಲಿಂಡರ್ ಒಳಗಿರಲಿ. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನು ಮೈಗೆ ಕಟ್ಟಿಕೊಳ್ಳಿ, ಅದು ಕೆಲಸ ಮಾಡುತ್ತದೆಯೇ ಎಂದು ದಡದಲ್ಲೇ ಎಳೆದು ನೋಡಿ.

ದೋಣಿ ಇಳಿಸಿದ ಮೇಲೆ ಹಗ್ಗ ಬಿಚ್ಚುವ ಅವಸರ ಬೇಡ. ಕಾಲು ಗಂಟೆ ಕಟ್ಟಿಯೇ ಇಟ್ಟು ತಳದಲ್ಲಿ ನೀರು ಬರುತ್ತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಮೊದಲ ಓಡಾಟ ದಡದ ಹತ್ತಿರ, ಕಡಿಮೆ ವೇಗದಲ್ಲಿ ಇರಲಿ. ಆಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಎಂಜಿನ್ ಕೈಪಿಡಿ ಹೇಳಿದಷ್ಟು ಆರ್‌ಪಿಎಂ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ, ಕಡಿಮೆಯಿರುವ ಪ್ರೊಪೆಲ್ಲರ್ ಬೇಕು. ಪಿಚ್ ಒಂದು ಇಂಚು ಇಳಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ವಾಪಸ್ ಬಂದು ದೋಣಿಯನ್ನು ಮೇಲೆಳೆದ ಕೂಡಲೇ ಪ್ಲಗ್ ತೆಗೆದು ಎಷ್ಟು ನೀರು ಬರುತ್ತದೆ ಎಂದು ಗಮನಿಸಿ. ಟ್ರಾನ್ಸಮ್ಮಿನ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಗೇರ್ ಆಯಿಲಿನ ಒಂದೆರಡು ಹನಿ ಬೆಳಕಿಗೆ ಹಿಡಿದು ಬಣ್ಣ ನೋಡಿ.