ರಾತ್ರಿಯ ಗುಳಿಗೆ ಕೈಬಿಡುವ ಮುನ್ನ

ಬ್ಯಾಡಗಿ ಕಡೆಯ ಆ ಮೆಣಸಿನಕಾಯಿ ಬೆಳೆಗಾರರಿಗೆ ಹೆಂಡತಿಯೇ ಕಿಡ್ನಿ ಕೊಟ್ಟಿದ್ದರು. ಕಸಿಯಾಗಿ ಎರಡು ವರ್ಷ ಕಳೆದಿತ್ತು. ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬಂದಾಗ ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ 1.2 ಇತ್ತು, ಅದರಲ್ಲಿ ಚಿಂತೆಯಿರಲಿಲ್ಲ. ಆದರೆ ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಔಷಧ ಟ್ಯಾಕ್ರೋಲಿಮಸ್‌ನ ಮಟ್ಟ ರಕ್ತದಲ್ಲಿ ಒಮ್ಮೆ 4, ಇನ್ನೊಮ್ಮೆ 11. ಇಂಥ ಏರಿಳಿತ ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಮಟ್ಟ ಇಳಿದಾಗ ದೇಹ ಕಸಿಯ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಬಹುದು. ಏರಿದಾಗ ಅದೇ ಔಷಧ ಕಿಡ್ನಿಯನ್ನು ಕೆಡಿಸಬಹುದು.

ಡೋಸ್ ಮುಟ್ಟುವ ಮೊದಲು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಅವರ ಇಡೀ ದಿನದ ಕಥೆ ಕೇಳಿದೆ.

"ಬೆಳಗಿನದು ತಪ್ಪುವುದಿಲ್ಲ ಸಾಹೇಬರೇ. ಕೊಯ್ಲಿನ ದಿನಗಳಲ್ಲಿ ಕಣದಲ್ಲೇ ಮಲಗುತ್ತೇನೆ, ರಾತ್ರಿಯದು ಮನೆಯಲ್ಲೇ ಉಳಿಯುತ್ತದೆ."

"ವಾರದಲ್ಲಿ ಎರಡು ಮೂರು ದಿನ ಭೇದಿ. ಹೇಳಿಕೊಳ್ಳಲು ಇವರಿಗೆ ಸಂಕೋಚ" ಎಂದರು ಹೆಂಡತಿ.

ಅರ್ಧ ಗಂಟು ಅಲ್ಲಿಯೇ ಬಿಚ್ಚಿತು. ತಿರಸ್ಕಾರ ತಡೆಯಲು ಅವರು ನುಂಗುತ್ತಿದ್ದ ಇನ್ನೊಂದು ಗುಳಿಗೆ, ಮೈಕೋಫೆನೊಲೇಟ್, ಹಲವರಲ್ಲಿ ಭೇದಿ ತರುತ್ತದೆ. ಭೇದಿಯಾದಾಗ ಟ್ಯಾಕ್ರೋಲಿಮಸ್ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. ಜೊತೆಗೆ, ಪರೀಕ್ಷೆಯ ದಿನವೂ ಅವರು ಬಸ್ ಹತ್ತುವ ಮುನ್ನ ಗುಳಿಗೆ ನುಂಗಿಯೇ ಬರುತ್ತಿದ್ದರು. ಹಿಂದಿನ ಡೋಸ್ ತೆಗೆದುಕೊಂಡು ಹನ್ನೆರಡು ಗಂಟೆಯಾದ ಮೇಲೆ, ಮುಂದಿನದನ್ನು ನುಂಗುವ ಮೊದಲು ರಕ್ತ ಕೊಡಬೇಕು. ಅದನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟಿರಲಿಲ್ಲ. ತಪ್ಪು ನನ್ನದೇ.

ಎಲ್ಲ ಗುಳಿಗೆಗಳನ್ನೂ ಬೆಳಗಿಗೇ ತರಬೇಕೆಂದು ಆಗ ನಿರ್ಧರಿಸಿದೆ. ಆದರೆ ಕ್ರಿಯಾಟಿನಿನ್ ಒಂದನ್ನೇ ನಂಬಿ ಇದಕ್ಕೆ ಕೈಹಾಕುವಂತಿಲ್ಲ. ಅದು ಏರುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದೇ ಇರುತ್ತದೆ. ದಾನಿಯ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ ಮಾಡಿಸಿದೆ, ಇರಲಿಲ್ಲ. ದಾನಿಯ ಡಿಎನ್‌ಎ ಪರೀಕ್ಷೆಗೂ ರಕ್ತ ಕಳುಹಿಸಿದೆ. ಕಸಿ ಕಿಡ್ನಿಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಬಂದು ಸೇರುತ್ತವೆ. ರಕ್ತದಲ್ಲಿ ತೇಲುವ ಒಟ್ಟು ಚೂರುಗಳಲ್ಲಿ ದಾನಿಯ ಪಾಲು ಎಷ್ಟು ಎಂದು ಅಳೆಯುತ್ತಾರೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಶೇ. 1ನ್ನು ಗಡಿಯಾಗಿ ಇಟ್ಟಿತು. ಅದನ್ನು ದಾಟಿದರೆ ತಿರಸ್ಕಾರದ ಅನುಮಾನ. ಇವರದು ಶೇ. 0.3. ಹಾಗೆಂದು ಈ ಒಂದು ಅಂಕಿಯನ್ನೇ ನಾನು ನೆಚ್ಚುವುದಿಲ್ಲ. ಸೌಮ್ಯ ತಿರಸ್ಕಾರ ಇದರ ಕಣ್ಣು ತಪ್ಪಿಸಬಲ್ಲದು. ಕಸಿ ಕಿಡ್ನಿಯನ್ನು ಕೆಡಿಸಬಲ್ಲ ಬಿಕೆ ವೈರಸ್‌ನ ಪರೀಕ್ಷೆ, ಮೂತ್ರದ ಪ್ರೋಟೀನ್, ಮಲ ಪರೀಕ್ಷೆ ಎಲ್ಲವೂ ಸರಿಯಿದ್ದ ಮೇಲೆಯೇ ಮುಂದುವರಿದೆ. ದುಬಾರಿ ಪರೀಕ್ಷೆಯನ್ನು ತಿಂಗಳು ತಿಂಗಳು ಬರೆದುಕೊಟ್ಟು ರೈತರ ಜೇಬು ಬರಿದು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬದಲಾವಣೆಗೆ ಮೊದಲೊಮ್ಮೆ, ನಂತರವೊಮ್ಮೆ ಮಾಡಿಸಿದರೆ ಸಾಕೆನಿಸಿತು.

ಮೊದಲು ಮೈಕೋಫೆನೊಲೇಟ್ ತೆಗೆದು, ಅದೇ ಕೆಲಸಕ್ಕೆ ದಿನಕ್ಕೊಮ್ಮೆಯ ಅಜಥಯೋಪ್ರಿನ್ ಕೊಟ್ಟೆ. ಅದಕ್ಕೂ ಮುಂಚೆ ಟಿಪಿಎಂಟಿ, ಎನ್‌ಯುಡಿಟಿ15 ಎಂಬ ಎರಡು ಜೀನ್‌ಗಳ ಪರೀಕ್ಷೆಯಾಗಿತ್ತು. ಅವುಗಳಲ್ಲಿ ದೋಷವಿದ್ದವರಿಗೆ ಈ ಗುಳಿಗೆಯಿಂದ ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ. ಯೂರಿಕ್ ಆಸಿಡ್‌ಗೆ ಅಲೋಪ್ಯೂರಿನಾಲ್ ತೆಗೆದುಕೊಳ್ಳುತ್ತಿದ್ದರೆ ಅದೂ ಅಂಥದ್ದೇ ಅಪಾಯ, ವಿಚಾರಿಸಿದೆ, ತೆಗೆದುಕೊಳ್ಳುತ್ತಿರಲಿಲ್ಲ. ಅಜಥಯೋಪ್ರಿನ್‌ನಿಂದ ಚರ್ಮದ ಕ್ಯಾನ್ಸರ್ ಭಯ ಹೆಚ್ಚು. ಬಿಸಿಲಲ್ಲೇ ಬದುಕುವವರು, ಆದ್ದರಿಂದ ತುಂಬು ತೋಳಿನ ಅಂಗಿ, ತಲೆಗೆ ರುಮಾಲು ಬಿಡಬಾರದೆಂದು ಮಾತು ತೆಗೆದುಕೊಂಡೆ.

ಮೂರು ವಾರದಲ್ಲಿ ಭೇದಿ ನಿಂತಿತು. ಎರಡು ತಿಂಗಳು ಬೇರೇನನ್ನೂ ಬದಲಿಸಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿ ಏನಾದರೂ ಎಡವಟ್ಟಾದರೆ ಯಾವುದರಿಂದ ಎಂದು ಹೇಳುವುದು? ಟ್ಯಾಕ್ರೋಲಿಮಸ್ ಮಟ್ಟ 6ರ ಆಸುಪಾಸಿನಲ್ಲಿ ನೆಲೆನಿಂತ ಮೇಲೆ, ದಿನದ ಒಟ್ಟು ಪ್ರಮಾಣವನ್ನು ಅಷ್ಟೇ ಇಟ್ಟು, ನಿಧಾನವಾಗಿ ಬಿಡುಗಡೆಯಾಗುವ ಬೆಳಗಿನ ಗುಳಿಗೆಗೆ ಬದಲಾಯಿಸಿದೆ. ಹೀಗೆ ಬದಲಿಸಿದಾಗ ಮಟ್ಟ ಸ್ವಲ್ಪ ಇಳಿಯುವುದುಂಟು. ಹತ್ತು ದಿನಕ್ಕೆ 4.9 ಬಂತು, ಅರ್ಧ ಮಿಲಿಗ್ರಾಂ ಏರಿಸಿದೆ. ದಿನಕ್ಕೆ 5 ಮಿಲಿಗ್ರಾಂನ ಸ್ಟೀರಾಯ್ಡ್ ಗುಳಿಗೆ ಪ್ರೆಡ್ನಿಸೊಲೋನ್ ಹಾಗೆಯೇ ಉಳಿಯಿತು.

"ಇದನ್ನೂ ಬಿಡಿಸಿಬಿಡಿ ಸಾಹೇಬರೇ" ಎಂದರು.

"ಅದೊಂದು ಇರಲಿ ಯಜಮಾನರೇ. ಅಜಥಯೋಪ್ರಿನ್ ಮೈಕೋಫೆನೊಲೇಟ್‌ನಷ್ಟು ಬಿಗಿಯಾದ ಕಾವಲಲ್ಲ" ಎಂದೆ.

ಮೂರು ತಿಂಗಳ ನಂತರ ದಾನಿಯ ಡಿಎನ್‌ಎ ಶೇ. 0.4. ಪ್ರತಿಕಾಯವಿಲ್ಲ. ಇದು ಒಬ್ಬರ ಕಥೆ. ಓದಿ ಯಾರೂ ತಾವಾಗಿಯೇ ಗುಳಿಗೆ ಬದಲಿಸಬಾರದು. ಇದೇ ದಾರಿ ಕೇಳಿ ಬಂದ ಗದುಗಿನ ಶಿಕ್ಷಕಿಯೊಬ್ಬರ ರಕ್ತದಲ್ಲಿ ಪ್ರತಿಕಾಯ ಸಿಕ್ಕಿದ್ದರಿಂದ ಒಂದು ಗುಳಿಗೆಯನ್ನೂ ಕಡಿಮೆ ಮಾಡದೆ ಬಯಾಪ್ಸಿಗೆ ಕಳುಹಿಸಿದ್ದೇನೆ.

ಈ ಸಲದ ಕೊಯ್ಲು ಮುಗಿಸಿ ಬಂದ ಬೆಳೆಗಾರರು ಖಾಲಿ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಣಿಸಿದೆ, ಲೆಕ್ಕ ಸರಿಯಿತ್ತು. ಆದರೂ ಪ್ರತಿಕಾಯದ ಪರೀಕ್ಷೆಗೆ ರಕ್ತ ತೆಗೆಸಿದೆ.